ಡಬ್ಬಿಯ ಮೇಲಿನ ಸಣ್ಣಕ್ಷರ

ಮುಟ್ಟು ನಿಂತ ಬಳಿಕ ಮೂಳೆ ಬೇಗ ಸವೆಯುವುದು ನಿಜ. ಅದಕ್ಕೆಂದೇ ವಾಸ್ಕೋದ ನಮ್ಮ ತಾಯಂದಿರು ಮನೆಖರ್ಚಿನಲ್ಲಿ ಉಳಿಸಿ ಪೂರಕ ಮಾತ್ರೆಗಳ ಡಬ್ಬಿ ಕೊಳ್ಳುತ್ತಾರೆ. ನನ್ನ ಅವ್ವನೂ ಕೊಂಡಿದ್ದಳು. ವಕೀಲನಾದ ನಾನು ಮೊದಲು ಓದಿದ್ದು ಸಣ್ಣಕ್ಷರವನ್ನು: ‘ಔಷಧೀಯ ಬಳಕೆಗಲ್ಲ’. 2016ರ ಆಹಾರ ಸುರಕ್ಷತಾ ನಿಯಮಾವಳಿ ಕಡ್ಡಾಯಗೊಳಿಸಿದ ಈ ಎಚ್ಚರಿಕೆ ಇದ್ದದ್ದು ಅವ್ವನಿಗೆ ಬಾರದ ಇಂಗ್ಲಿಷಿನಲ್ಲಿ!

ಅಮೆರಿಕದಲ್ಲಿ ಮುಟ್ಟು ನಿಂತ 36,282 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿ ಸೇವಿಸಿದವರ ಮೂಳೆ ತುಸು ಗಟ್ಟಿಯಾಯಿತಾದರೂ ಸೊಂಟದ ಮೂಳೆಮುರಿತ ಗಣನೀಯವಾಗಿ ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲಿನ ಪ್ರಮಾಣ ಮಾತ್ರ ಶೇ. 17ರಷ್ಟು ಹೆಚ್ಚಿತು.

ಕೊರತೆಯನ್ನು ಕಂಡು ವೈದ್ಯರು ಬರೆದುಕೊಟ್ಟ ಮಾತ್ರೆಯ ಸಂಗತಿ ಬೇರೆ, ಅದನ್ನು ಬಿಡಲಾಗದು. ಅವ್ವನ ರಕ್ತಪರೀಕ್ಷೆಯ ವರದಿ ಇನ್ನೂ ಬರಬೇಕಿದೆ. ಸದ್ಯಕ್ಕೆ ರೊಟ್ಟಿಯ ಜೊತೆ ಮೊಸರು, ಎಳ್ಳಿನ ಚಟ್ನಿಪುಡಿ; ಸಂಜೆ ನಡಿಗೆ. ಎರಡನೆಯ ಡಬ್ಬಿ ಕೊಂಡಿಲ್ಲ.