ಅಡುಗೆಮನೆಯ ಬಾಗಿಲಿಗೆ ಯಾವ ಅಂಗಿ?

ಅಡುಗೆಮನೆಗೆ ಬಾಗಿಲಿನ ಕಪಾಟುಗಳು ಬಂದದ್ದು ನಮ್ಮ ಕಡೆಗೆ ಈಚಿನ ಮಾತು. ನಾನು ಬೆಳೆದ ಮನೆಯಲ್ಲಿ ಗೋಡೆಯೊಳಗಿನ ಮಾಡ, ಶಹಾಬಾದ ಫರಸಿಯ ಹಲಗೆ, ತೊಲೆಗೆ ತೂಗುಬಿಟ್ಟ ನೆಲುವು ಇವೇ ಕಪಾಟುಗಳಾಗಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ಡಬ್ಬಿ, ತಂಬಿಗೆ, ಪರಾತಗಳು ಸಾಲಾಗಿ ಹೊಳೆಯುತ್ತಿದ್ದವು. ಪಾತ್ರೆಗಳೇ ಅಲಂಕಾರವಾಗಿದ್ದಾಗ ಅವುಗಳನ್ನು ಮರೆಮಾಡುವ ಬಾಗಿಲು ಯಾರಿಗೆ ಬೇಕಿತ್ತು? ಈಗ ಪಾತ್ರೆಗಳು ಒಳಗೆ ಸೇರಿವೆ. ಅಲಂಕಾರ ಬಾಗಿಲ ಮೇಲೆ ಬಂದು ಕುಳಿತಿದೆ.

ಈ ವರ್ಷ ನಮ್ಮ ಧಾರವಾಡದ ಮನೆಯ ಹಳೆಯ ಕಪಾಟುಗಳನ್ನು ತೆಗೆಸಬೇಕಾಯಿತು. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತಿದ್ದ ವರ್ಷಗಳಲ್ಲಿ ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿ ಕಟ್ಟೆಯ ಬಳಿಯೇ ಇಡುತ್ತಿದ್ದೆವು. ಚೆಲ್ಲಿದ ನೀರು, ಇಲ್ಲಿಯ ಜಿಟಿಜಿಟಿ ಮಳೆಯ ತೇವ ಎರಡೂ ಸೇರಿ ಕೆಳಗಿನ ಬಾಗಿಲುಗಳು ಉಬ್ಬಿ ಅಂಚು ಬಿಚ್ಚಿಕೊಂಡಿದ್ದವು. ಬೆಂಗಳೂರಿನಲ್ಲಿರುವ ಮಗ, "ಈ ವಯಸ್ಸಿನ್ಯಾಗ ಯಾಕಪ್ಪಾ ಇಷ್ಟ್ ಖರ್ಚು? ಇಬ್ಬರೂ ಇಲ್ಲೇ ಬಂದಬಿಡ್ರಿ" ಎಂದ. ನಾನು ಉತ್ತರ ಹುಡುಕುತ್ತಿರುವಾಗಲೇ ನಮ್ಮ ಮನೆಯವರು ಅಳತೆ ತೆಗೆಯಲು ಬಡಿಗೇರರಿಗೆ ಹೇಳಿಕಳಿಸಿದ್ದರು. ಅದೇ ಉತ್ತರವಾಯಿತು.

ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಪ್ಲೈವುಡ್ ಅಂಗಡಿಗೆ ಹೋದೆವು. ತೋರಿಸಿದ ಬಗೆಗಳನ್ನು ಪಾಠ ಟಿಪ್ಪಣಿಯಂತೆ ಬರೆದುಕೊಂಡೆ. ಕನ್ನಡಿಯಂತೆ ಹೊಳೆಯುವುದು ಅಕ್ರಿಲಿಕ್. ನೋಟಕ್ಕೆ ಸೊಗಸು, ಆದರೆ ಬೆರಳ ಗುರುತು, ಗೀರುಗಳು ಬೇಗ ಎದ್ದು ಕಾಣುತ್ತವೆ. ಪಿ.ಯು. ಬಣ್ಣದ ಬಾಗಿಲಿಗೆ ಜೋಡಣೆಯ ಗೆರೆಯೇ ಇಲ್ಲ. ಕುಕ್ಕರಿನ ಏಟಿಗೆ ಬಣ್ಣ ಹಾರಿದರೆ ತೇಪೆ ಹಾಕುವುದು ಕಠಿಣ. ಎಂ.ಡಿ.ಎಫ್. ಹಲಗೆಯ ಮೇಲೆ ಪಿ.ವಿ.ಸಿ. ಹಾಳೆಯನ್ನು ಕಾಯಿಸಿ ಅಂಟಿಸಿದ್ದು ಮೆಂಬ್ರೇನ್. ಉಬ್ಬು ತಗ್ಗಿನ ಕೆತ್ತನೆಗೂ ಹೊಂದುತ್ತದೆ, ಒಲೆಯ ಬಿಸಿ ತಗಲುವಲ್ಲಿ ಹಾಳೆ ಏಳುವ ಭಯ. ವಿನಿಯರ್ ಎಂದರೆ ನಿಜವಾದ ಮರದ್ದೇ ತೆಳು ಪದರು. ದಾಂಡೇಲಿಯ ಸಾಗವಾನಿಯನ್ನು ಕಂಡು ಬೆಳೆದ ನನ್ನ ಮನಸ್ಸು ಅತ್ತ ವಾಲಿತು. ಆದರೆ ಅದಕ್ಕೆ ಕಾಲಕಾಲಕ್ಕೆ ಪಾಲಿಶ್ ಬೇಕು, ನೀರು ಆಗದು. ಬಣ್ಣದ ಗಾಜಿನ ಮೇಲೆ ಅರಿಸಿನ, ಎಣ್ಣೆ ನಿಲ್ಲುವುದಿಲ್ಲ. ತೂಕ ಮಾತ್ರ ಹೆಚ್ಚು.

ಉಳಿದದ್ದು ಸನ್‌ಮೈಕಾ. ಅದು ಒಂದು ತಯಾರಿಕೆಯ ಹೆಸರು. ಬಳಸಿ ಬಳಸಿ ಲ್ಯಾಮಿನೇಟುಗಳಿಗೆಲ್ಲ ಅದೇ ನಿಂತಿತು. ಇದರ ಪೂರ್ವಜ 1912ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರರು ಕಂಡುಹಿಡಿದ ಫಾರ್ಮಿಕಾ. ವಿದ್ಯುತ್ ಉಪಕರಣಗಳಲ್ಲಿ 'ಫಾರ್ ಮೈಕಾ', ಅಂದರೆ ಅಭ್ರಕಕ್ಕೆ ಬದಲಾಗಿ ಬಳಸಲೆಂದು ಹುಟ್ಟಿದ್ದರಿಂದ ಆ ಹೆಸರು. ಅಭ್ರಕವೆಂದರೆ ನಮ್ಮ ಕಾಗೆಬಂಗಾರ. ಸನ್‌ಮೈಕಾದಲ್ಲಿ ಹೆಸರಿಗಷ್ಟೇ ಕಾಗೆಬಂಗಾರ, ಒಳಗಿರುವುದು ಕಾಗದ! ಕಂದು ಕ್ರಾಫ್ಟ್ ಕಾಗದದ ಪದರುಗಳನ್ನು ಫಿನಾಲಿಕ್ ರಾಳದಲ್ಲಿಯೂ ಮೇಲಿನ ಬಣ್ಣದ ಕಾಗದವನ್ನು ಮೆಲಮೈನ್ ರಾಳದಲ್ಲಿಯೂ ನೆನೆಸಿ, ಹೆಚ್ಚಿನ ಶಾಖ ಮತ್ತು ಒತ್ತಡದಲ್ಲಿ ಅದುಮಿದರೆ ಒಂದು ಮಿಲಿಮೀಟರಿನ ಗಟ್ಟಿ ಹಾಳೆ. ವೃತ್ತಿಯುದ್ದಕ್ಕೂ ಉತ್ತರಪತ್ರಿಕೆ ತಿದ್ದಿದ ನನಗೆ ಕಾಗದದ ಈ ಭಡತಿ ಕಂಡು ಸಂತೋಷವಾಯಿತು.

ನಾನು ಟಿಪ್ಪಣಿ ಬರೆದೆ. ಪರೀಕ್ಷೆ ನಡೆಸಿದವರು ನಮ್ಮ ಮನೆಯವರು. ನಾಲ್ಕು ನಮೂನೆಯ ತುಂಡುಗಳನ್ನು ಮನೆಗೆ ತಂದು ಮೂರು ದಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಅವರ ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದಕ್ಕೆ ಆಗಬೇಕಿದೆ. ಮೂಡಣ ಕಿಟಕಿಯ ಬಿಸಿಲು ಹೊಳಪಿನ ತುಂಡಿನ ಮೇಲೆ ಬಿದ್ದಾಗ, "ಕಣ್ಣ ಕುಕ್ಕತೈತಿ" ಎಂದು ಅದನ್ನು ಪಕ್ಕಕ್ಕಿಟ್ಟರು. ಮರದ ಗೆರೆಗಳು ಕೈಗೆ ಹತ್ತುವ ಒರಟು ಹಾಳೆ ನನಗೆ ಹಿಡಿಸಿತ್ತು. ರೊಟ್ಟಿ ಬಡಿದಾದ ಮೇಲೆ ನೋಡಿದರೆ ಗೆರೆಗೆರೆಯಲ್ಲೂ ಜೋಳದ ಹಿಟ್ಟು. ಗೆದ್ದದ್ದು ಹೊಳಪಿಲ್ಲದ, ನುಣುಪಾದ ಸ್ವೇಡ್ ಫಿನಿಶ್, ಬಾದಾಮಿ ಬಣ್ಣದ್ದು. ಕರಿಯ ಗ್ರಾನೈಟಿನ ಅಂಚು ಅದರೆದುರು ಸ್ಪಷ್ಟವಾಗಿ ಕಾಣುವುದರಿಂದ ಪಾತ್ರೆ ಎಲ್ಲಿ ಇಡುತ್ತಿದ್ದೇನೆಂದು ಅಂದಾಜು ಸಿಗುತ್ತದೆಯಂತೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಹಿಡಿಕೆಯಿಲ್ಲದ ಬಾಗಿಲೇ ಈಗಿನ ರೂಢಿ ಎಂದು ಅಂಗಡಿಯ ಹುಡುಗ ಹೇಳಿದಾಗ ಅವರು, "ನಿನ್ನ ಬಟ್ಟು ನೆಟ್ಟಗ ಅದಾವಪಾ. ನನಗ ಹಿಡಿಕಿ ಬೇಕು" ಎಂದರು. ನಾಲ್ಕೂ ಬೆರಳು ತೂರುವಷ್ಟು ದೊಡ್ಡ ಸ್ಟೀಲಿನ ಹಿಡಿಕೆಗಳು ಬಂದವು.

ಬಡಿಗೇರರು ಹೇಳಿದ ಎರಡು ಮಾತುಗಳನ್ನೂ ಬರೆಯಬೇಕು. ಮೊದಲನೆಯದು, ಮುಖದ ಹಾಳೆ ಎಷ್ಟು ಚೆಂದವಿದ್ದರೂ ಒಳಗಿನ ಪ್ಲೈವುಡ್ ನೀರು ತಡೆಯುವಂಥದ್ದಿರಬೇಕು. ಅದರ ಮೇಲೆ ಐ.ಎಸ್. 710 ಎಂಬ ಮುದ್ರೆ ನೋಡಬೇಕು. ಐ.ಎಸ್. 303 ಎಂದಿರುವುದು ಒಣ ಜಾಗಕ್ಕೆ ಸರಿ. ಎರಡನೆಯದು, "ಒಂದ ಮಗ್ಗಲಿಗೆ ಹಚ್ಚಿದ್ರ ಬಾಗಿಲಾ ಬಾಗತೈತ್ರೀ ಸರ್". ಒಳಮೈಗೂ ತೆಳ್ಳನೆಯ ಹಾಳೆ ಹಚ್ಚಿದರಷ್ಟೇ ಎಳೆತ ಸಮನಾಗುತ್ತದೆ.

ಕೆಲಸ ಮುಗಿದ ದಿನ ಫೋಟೋ ನೋಡಿದ ಮಗ, "ಇಷ್ಟ್ ಸಾದಾ ಯಾಕವ್ವಾ?" ಎಂದು ಕೇಳಿದ. "ಫೋಟೋಕ್ಕ ಮಾಡಿಸಿಲ್ಲಪಾ, ನನಗ ಮಾಡಿಸೀನಿ" ಎಂದರು ನಮ್ಮ ಮನೆಯವರು. ಬೆಂಗಳೂರಿನ ಮಾತು ಅವನು ಮತ್ತೆ ಎತ್ತಲಿಲ್ಲ. ದೀಪಾವಳಿಗೆ ತಾನೇ ಬರುವುದಾಗಿ ಹೇಳಿದ.

ಮನೆ ಕಟ್ಟಿಸುವ ಓದುಗ ಮಿತ್ರರಲ್ಲಿ ನನ್ನದೊಂದೇ ಅರಿಕೆ. ಅಂಗಡಿಯ ದೀಪದಲ್ಲಿ ಬಣ್ಣ ಆರಿಸಬೇಡಿರಿ. ನಮೂನೆಯ ತುಂಡನ್ನು ಮನೆಗೆ ತಂದು, ಆ ಕಟ್ಟೆಯ ಮುಂದೆ ದಿನವೂ ನಿಲ್ಲುವವರ ಕೈಗೆ ಕೊಡಿರಿ.