ದರ್ಶನವೂ ಭಕ್ತಿಯೂ

ದೇವಿಯು ಕನಸಿನಲ್ಲಿ ಬಂದು ಅಪ್ಪಣೆ ಕೊಡಿಸಿದಳೆಂಬ ಮಾತು ನಮ್ಮ ಶ್ರೀರಾಂಪುರದ ಸೀಮೆಗೆ ಹೊಸದಲ್ಲ. ಅಂತಹ ಸುದ್ದಿ ಹಬ್ಬಿದೊಡನೆ ಕೆಲವರು ಕೈಮುಗಿಯುವರು, ಕೆಲವರು ನಗುವರು. ವಿಚಾರಮಾಡಿ ನೋಡುವವರು ವಿರಳ. ಈ ವಿಷಯದಲ್ಲಿ ಕ್ಯಾಥೊಲಿಕ ಕ್ರೈಸ್ತರ ಪದ್ಧತಿಯನ್ನು ತಿಳಿಯುವುದು ಗೃಹಸ್ಥರೆಲ್ಲರಿಗೂ ಹಿತಕರವೆಂದು ನಾವು ಭಾವಿಸುತ್ತೇವೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಕ್ಯಾಥೊಲಿಕರು 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗದ ಧರ್ಮಪ್ರಾಂತ್ಯಕ್ಕೆ ಸೇರಿದವರು. ಹರಿಹರದ ಆರೋಗ್ಯಮಾತೆಯ ದೇವಾಲಯವು ಆ ಪ್ರಾಂತ್ಯದ ಯಾತ್ರಾಸ್ಥಳ. 2019ರಲ್ಲಿ ಅದಕ್ಕೆ ಬೆಸಿಲಿಕವೆಂಬ ಗೌರವವು ದೊರೆಯಿತು. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮೋತ್ಸವದಲ್ಲಿ, ಅಲ್ಲಿ ಸೇರುವವರಲ್ಲಿ ಅನ್ಯಮತೀಯರೂ ಉಂಟು. ಆರೋಗ್ಯಮಾತೆಯೆಂಬ ಹೆಸರು ನಮ್ಮ ನಾಡುಗಳಲ್ಲಿ ವಿಶೇಷವಾಗಿ ಪ್ರಸಿದ್ಧವಾದುದು ತಮಿಳುನಾಡಿನ ವೇಳಾಂಕಣ್ಣಿಯಿಂದ. ಹಾಲು ಒಯ್ಯುತ್ತಿದ್ದ ಹುಡುಗನಿಗೂ ಮಜ್ಜಿಗೆ ಮಾರುತ್ತಿದ್ದ ಕುಂಟ ಬಾಲಕನಿಗೂ ಅಲ್ಲಿ ದೇವಮಾತೆಯು ಕಾಣಿಸಿಕೊಂಡಳೆಂದು ಪ್ರತೀತಿ.

ಹಾಗಾದರೆ ಕಂಡೆನೆಂದವರ ಮಾತನ್ನೆಲ್ಲ ಧರ್ಮಸಭೆಯು ನಂಬುವುದೇ? ಇಲ್ಲ. 1858ರಲ್ಲಿ ಫ್ರಾನ್ಸು ದೇಶದ ಲೂರ್ದಿನಲ್ಲಿ ಬರ್ನದೆತ್ ಎಂಬ ಬಡ ಬಾಲಿಕೆಯು ತನಗೆ 18 ಬಾರಿ ದರ್ಶನವಾಯಿತೆಂದಾಗ, ಧರ್ಮಾಧ್ಯಕ್ಷರು ವಿಚಾರಣಾಮಂಡಲಿಯನ್ನು ನೇಮಿಸಿ, 1862ರಲ್ಲಿ ಮಾತ್ರವೇ ಒಪ್ಪಿಗೆಯಿತ್ತರು. ರೋಗಶಮನದ ಹೇಳಿಕೆಗಳನ್ನು ಪರೀಕ್ಷಿಸಲು 1883ರಲ್ಲಿ ಅಲ್ಲಿ ವೈದ್ಯರ ಕಚೇರಿಯೇ ಏರ್ಪಟ್ಟಿತು. ಸಾವಿರಾರು ಹೇಳಿಕೆಗಳಲ್ಲಿ ಪವಾಡವೆಂದು ಅಂಗೀಕೃತವಾದವು 70ಕ್ಕೆ ಸ್ವಲ್ಪ ಮೇಲೆ, ಅಷ್ಟೆ. ಒಪ್ಪಿಗೆ ಪಡೆದ ದರ್ಶನವನ್ನಾದರೂ ನಂಬಲೇಬೇಕೆಂಬ ಕಟ್ಟಳೆಯು ಯಾವ ಕ್ಯಾಥೊಲಿಕನಿಗೂ ಇಲ್ಲ. ಆರಾಧನೆಯು ದೇವರೊಬ್ಬನಿಗೇ ಸಲ್ಲತಕ್ಕುದು. ಮಾತೆಯು ಗೌರವಕ್ಕೂ ಮಧ್ಯಸ್ಥಿಕೆಗೂ ಪಾತ್ರಳು.

2024ರ ಮೇ ತಿಂಗಳಲ್ಲಿ ರೋಮಿನಿಂದ ಹೊರಟ ನಿಯಮಗಳು ಇನ್ನೂ ಎಚ್ಚರಿಕೆಯವು. ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಭಕ್ತಿಗೆ ಅಡ್ಡಿಯಿಲ್ಲವೆಂದು ಹೇಳಬಹುದೇ ಹೊರತು, ದರ್ಶನವು ದೈವಿಕವೇ ಹೌದೆಂದು ಸಾರುವ ವಾಡಿಕೆಯಿಲ್ಲ. ಧನದ ಅಥವಾ ಕೀರ್ತಿಯ ಆಸೆಯು ಕಂಡಲ್ಲಿ ಅದು ಶಂಕೆಗೆ ಕಾರಣವೆಂದೂ ಅವು ಹೇಳುತ್ತವೆ. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ವೇಳಾಂಕಣ್ಣಿಯ ಭಕ್ತಿಯನ್ನು ಮೆಚ್ಚಿ ಬಂದ ಪತ್ರದಲ್ಲಿ, ಅಲ್ಲಿ ಅನ್ಯಮತೀಯರು ಪಡೆಯುವ ಸಮಾಧಾನವನ್ನು ಮತಗಳ ಕಲಬೆರಕೆಯೆಂದು ಎಣಿಸಬಾರದೆಂಬ ಮಾತೂ ಇದೆ.

ಹರಿಹರಕ್ಕೆ ಹೊರಟಿದ್ದ ಪರಿಚಿತ ಗೃಹಿಣಿಯೊಬ್ಬರನ್ನು, ದರ್ಶನವಾದೀತೆಂಬ ಆಸೆಯುಂಟೇ ಎಂದು ನಾವೊಮ್ಮೆ ಕೇಳಿದೆವು. ಅವರ ಮಗುವಿಗೆ ಉಬ್ಬಸದ ಬಾಧೆ. ಔಷಧಿಯನ್ನು ಚೀಲದಲ್ಲಿಡುತ್ತಲೇ, ತಾಯಿಯನ್ನು ತಾವು ಕಾಣಬೇಕಾದುದಿಲ್ಲವೆಂದೂ ಆಕೆಯು ತಮ್ಮ ಮಗುವನ್ನು ಕಂಡರೆ ಸಾಕೆಂದೂ ಅವರು ಉತ್ತರಕೊಟ್ಟರು. ವಿದ್ವಾಂಸರ ವಿಚಾರಣೆಗಳೆಲ್ಲ ಯಾವುದನ್ನು ಕಾಪಾಡಲು ಹೆಣಗುವುವೋ ಅದು ನಮಗೆ ಆ ಮಾತಿನಲ್ಲಿ ತಿಳಿದುಬಂದಿತು.

ಮನೆಯಲ್ಲಿ ಕಾಯಿಲೆ ಮಲಗಿರುವಾಗ ಮನಸ್ಸು ಯಾವ ಮಾತಿಗಾದರೂ ಸೋಲುವುದು. ಆಗ ಒಬ್ಬನು ಬಂದು, ತನಗೆ ದೇವಿಯ ಅಪ್ಪಣೆಯಾಗಿದೆ, ಔಷಧಿಯನ್ನು ಬಿಡಿರಿ, ಇಷ್ಟು ಹಣವನ್ನು ತನ್ನಿರಿ ಎಂದರೆ ಅವನನ್ನು ಪ್ರಶ್ನಿಸಲು ಅಂಜಬೇಕಾದುದಿಲ್ಲ. ಪ್ರಶ್ನೆಯಿಂದ ಕೆಡುವುದು ಅವನ ವ್ಯಾಪಾರ. ತಾಯಿಯ ಮೇಲಣ ಭಕ್ತಿಗೆ ಅದರಿಂದ ಕುಂದಿಲ್ಲ.