ಸ್ಟೂಲ್ ಟೇಬಲ್ ನನ್ನ ಪಾಲಿಗೇ ಯಾಕ?



ಕಲಬುರಗಿಯ ಒಂದು ಮಕ್ಕಳ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಕೆಲಸ ಮಾಡೋದು ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತು. ಅಲ್ಲಿನ ಒಂದು ಸಂಗತಿ ಬರೀಬೇಕು ಅಂತ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಇವತ್ತು ಬರೀತೀನಿ.

ನಾನು ಶಹಾಬಾದಿನಾಕಿ. ಅಪ್ಪ ಫರಸಿ ಕಲ್ಲಿನ ಖಣಿಯಲ್ಲಿ ಕೂಲಿ. ಬಿಎಸ್ಸಿ ಎಂಎಲ್‌ಟಿ ಮುಗಿಸಿ ಗುತ್ತಿಗೆ ಮೇಲೆ ಈ ಕೆಲಸ ಸಿಕ್ಕಾಗ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. "ನನ್ನ ಮಗಳು ಬಿಳಿ ಕೋಟು ಹಾಕ್ತಾಳ" ಅಂತ ಹೇಳಿಕೊಂಡು ತಿರುಗಿದ್ದಳು.

ಲ್ಯಾಬಿನಲ್ಲಿ ನಾವು ಐದು ಮಂದಿ. ಮೊದಲ ವಾರವೇ ಒಬ್ಬ ಸಹೋದ್ಯೋಗಿ ಊರು ಕೇಳಿದರು, ಅಡ್ಡಹೆಸರು ಕೇಳಿದರು. ಅಷ್ಟಕ್ಕೆ ತಿಳಿಯಲಿಲ್ಲ ಅನ್ನಿಸುತ್ತೆ, "ಶಹಾಬಾದಿನಾಗ ಯಾವ ಓಣಿ?" ಅಂದರು. ಓಣಿ ಹೇಳಿದೆ. ಮರುವಾರದಿಂದ ಸ್ಟೂಲ್ ಟೇಬಲ್ ನನ್ನದಾಯಿತು. ರಕ್ತಕಣ ಎಣಿಸುವ ಮಷೀನು, ಬಯೋಕೆಮಿಸ್ಟ್ರಿ, ಎಲ್ಲದಕ್ಕೂ ಸರದಿ ಇತ್ತು. ಮಲದ ಡಬ್ಬಿಗಳಿಗೆ ಮಾತ್ರ ಸರದಿ ಇರಲಿಲ್ಲ. ಯಾಕೆ ಅಂತ ಕೇಳಿದರೆ ನಗುತ್ತಾ ಹೇಳಿದರು: "ನಿಮಗ ರೂಢಿ ಅದಲ್ರೀ."

ಕೆಲಸದ ರೂಢಿಯೋ, ಕುಲದ ರೂಢಿಯೋ ಅಂತ ಬಿಡಿಸಿ ಹೇಳಲಿಲ್ಲ. ನನಗೆ ಅರ್ಥ ಆಗಿತ್ತು. ಗುತ್ತಿಗೆ ನೌಕರಿ, ಮನೆಯಲ್ಲಿ ಸಾಲ. ಸುಮ್ಮನಾದೆ.

ಹೋದ ಮಳೆಗಾಲದಲ್ಲಿ ಚಿಂಚೋಳಿ ಕಡೆಯ ತಾಂಡಾದಿಂದ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಹೊತ್ತುಕೊಂಡು ಬಂದರು. ಹುಡುಗನ ಮುಖ ಬಿಳಚಿಕೊಂಡಿತ್ತು. ಹಿಮೋಗ್ಲೋಬಿನ್ 5.2. ಆ ವಯಸ್ಸಿಗೆ 11 ಆದರೂ ಇರಬೇಕು. ಸ್ಲೈಡ್ ನೋಡಿದರೆ ಕೆಂಪು ಕಣಗಳು ಸಣ್ಣವು, ನಡುವೆ ಬಣ್ಣವೇ ಇಲ್ಲ. ಕಬ್ಬಿಣದ ಕೊರತೆಯಲ್ಲಿ ಕಾಣೋದು ಹೀಗೇ. ಆದರೆ ಮೂರು ತಿಂಗಳಿಂದ ಕಬ್ಬಿಣದ ಸಿರಪ್ ಕುಡಿಸ್ತಾ ಇದ್ದೀನಿ ಅಂತ ಆ ತಾಯಿ ಹೇಳಿದರು. ಡಾಕ್ಟರು ಇನ್ನಷ್ಟು ರಕ್ತ ಪರೀಕ್ಷೆ ಬರೆದರು. ನಾನು ಸೂಜಿ ಹಿಡಿದು ಹೋದರೆ ಆಕೆ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ರಕ್ತ ಇಲ್ಲ ಅಂತೀರಿ, ಮತ್ತ ಅದನ್ನೇ ತಗೀತೀರಿ. ನಾ ಕೊಡಂಗಿಲ್ರೀ ಮೇಡಂ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಟಿ ನೋಡಿದೆ. ಮಲ ಪರೀಕ್ಷೆ ಬರೆದಿರಲಿಲ್ಲ. ಡಾಕ್ಟರ ಬಳಿ ಹೋಗಿ ಕೇಳಿದೆ, ಒಪ್ಪಿ ಬರೆದುಕೊಟ್ಟರು. "ಯಕ್ಕಾ, ಇವತ್ತು ರಕ್ತ ಬ್ಯಾಡ. ಮುಂಜಾನೆ ಹುಡುಗ ಸಂಡಾಸಕ್ಕ ಹೋದಾಗ ಈ ಡಬ್ಬ್ಯಾಗ ಒಂಚೂರು ಹಿಡಿದು ತರ್ರಿ" ಅಂದೆ.

ಮರುದಿನ ಉಪ್ಪುನೀರಿನ ಒಂದು ಹನಿಯಲ್ಲಿ ಕಲಸಿ ಮೈಕ್ರೋಸ್ಕೋಪಿನಡಿ ಇಟ್ಟೆ. ತೆಳು ಸಿಪ್ಪೆಯ, ಗಾಜಿನಂಥ ಉದ್ದುಂಡಗಿನ ಮೊಟ್ಟೆಗಳು, ಒಳಗೆ ನಾಲ್ಕೆಂಟು ಕೋಶ. ಕೊಕ್ಕೆಹುಳು. ಒಂದಲ್ಲ ಎರಡಲ್ಲ, ಸ್ಲೈಡು ಸರಿಸಿದಲ್ಲೆಲ್ಲ.

ಈ ಹುಳು ಬರೋದು ಬರಿಗಾಲಿನಿಂದ. ಬಯಲಲ್ಲಿ ಬಿದ್ದ ಮಲದಿಂದ ಮಣ್ಣಿಗೆ ಇಳಿದ ಮರಿ, ಅಂಗಾಲಿನ ಚರ್ಮ ತೂರಿ ಒಳಗೆ ಹೋಗುತ್ತೆ. ಸುತ್ತಿ ಬಳಸಿ ಕರುಳು ಸೇರಿ, ಅಲ್ಲಿ ಕಚ್ಚಿ ಹಿಡಿದು ದಿನಾ ರಕ್ತ ಹೀರುತ್ತೆ. ಮೇಲಿಂದ ಎಷ್ಟು ಸಿರಪ್ ಸುರಿದರೂ ಕೆಳಗಿಂದ ಸೋರುತ್ತಿರುತ್ತೆ. ಮದ್ದು 400 ಮಿಲಿಗ್ರಾಂ ಆಲ್ಬೆಂಡಜೋಲ್, ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನ ಅಂಗನವಾಡಿಯಲ್ಲಿ ಪುಕ್ಕಟೆ ಕೊಡುವ ಅದೇ ಗುಳಿಗಿ. ತೊಗರಿ ಕೊಯ್ಲಿಗೆ ತಾಯಿಯ ಜೊತೆ ಹೋಗಿದ್ದನಂತೆ ಆ ಹುಡುಗ, ಆ ದಿನ ತಪ್ಪಿತ್ತು.

ಎರಡು ತಿಂಗಳ ಮೇಲೆ ಅವನ ಹಿಮೋಗ್ಲೋಬಿನ್ 9.1. ಓಡಾಡುತ್ತಿದ್ದ. ಕಾಲಲ್ಲಿ ಆಗಲೂ ಚಪ್ಪಲಿ ಇರಲಿಲ್ಲ.

ಅವತ್ತಿನಿಂದ ಚೀಟಿಯ ಮೇಲಿನ ಊರು ಓದದೆ ನಾನು ಸ್ಲೈಡು ಇಡೋದಿಲ್ಲ. ಸೇಡಂ, ವಾಡಿಯ ಸಿಮೆಂಟ್ ಫ್ಯಾಕ್ಟರಿಗಳ ಸುತ್ತಲಿನ ಕೂಲಿ ಲೈನು. ಚಿತ್ತಾಪುರದ ಹೊಲಗೇರಿ. ನಮ್ಮ ಶಹಾಬಾದಿನ ಖಣಿ. ಚಿಂಚೋಳಿಯ ತಾಂಡಾ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಎಲ್ಲರಿಗೂ ಹುಳುವಿನಿಂದಲೇ ಅಂತ ನಾನು ಹೇಳ್ತಿಲ್ಲ. ಹೊಟ್ಟೆಗೆ ಇಲ್ಲದ್ದೇ ದೊಡ್ಡ ಕಾರಣ. ಆದರೆ ಸಂಡಾಸಿಲ್ಲದ ಓಣಿ, ಚಪ್ಪಲಿಯಿಲ್ಲದ ಕಾಲು ಯಾರವು ಅಂತ ರಿಪೋರ್ಟಿನ ಯಾವ ಕಾಲಮ್ಮಿನಲ್ಲೂ ಬರೆಯೋದಿಲ್ಲ.

ಆಮೇಲೆ ಸ್ಟೂಲ್ ಟೇಬಲ್‌ಗೂ ಸರದಿ ಹಾಕಿ ಅಂತ ಮೇಲಿನವರಿಗೆ ಲಿಖಿತವಾಗಿ ಕೊಟ್ಟೆ. "ನೀವೇ ಚೊಲೋ ಮಾಡ್ತೀರಲ್ಲ" ಅಂದರು. ಚೊಲೋ ಮಾಡ್ತೀನಿ, ಹೌದು. ಅದು ನನ್ನ ವಿದ್ಯೆ, ನನ್ನ ಜಾತಿ ಅಲ್ಲ ಅಂತ ಹೇಳಿ ಅರ್ಜಿ ಅಲ್ಲೇ ಇಟ್ಟು ಬಂದೆ. ಮೂರು ವಾರಕ್ಕೆ ಪಟ್ಟಿ ಬದಲಾಯಿತು. ಓಣಿ ಕೇಳಿದವರು ಮೊದಲ ದಿನ ಎರಡೆರಡು ಮಾಸ್ಕ್ ಹಾಕಿಕೊಂಡು ಕೂತಿದ್ದರು. ಕೊಕ್ಕೆಹುಳುವಿನ ಮೊಟ್ಟೆ ಗುರುತು ಸಿಗದೆ ನನ್ನನ್ನೇ ಕರೆದರು. ಹೋಗಿ ತೋರಿಸಿದೆ. ಮಗುವಿನ ರಿಪೋರ್ಟು ತಪ್ಪಬಾರದಲ್ಲ.

ಗೆಳೆಯರೇ, ನಿಮ್ಮ ಓಣಿಯಲ್ಲಿ ಮಕ್ಕಳು ಬಿಳಚಿಕೊಂಡಿದ್ದರೆ ಬರೀ ಸಿರಪ್ ತಗೊಂಡು ವಾಪಸ್ ಬರಬೇಡಿ. ಮಲ ಪರೀಕ್ಷೆಯೂ ಬೇಕೇನ್ರೀ ಅಂತ ಡಾಕ್ಟರನ್ನು ಕೇಳಿ. ಅಂಗನವಾಡಿಯಲ್ಲಿ ಗುಳಿಗಿ ತಪ್ಪಿದ ಮಕ್ಕಳ ಹೆಸರು ಬರೆಸಿ, ಕೊಡಿಸಿ. ತಾಲ್ಲೂಕು ಆಸ್ಪತ್ರೆಗೆ ಮನವಿ ಕೊಡಲು ಹೋದಾಗ ಒಂದು ಸಾಲು ಸೇರಿಸಿ: ಮೈಕ್ರೋಸ್ಕೋಪಿಗೆ ಕೂರುವ ಕಾಯಂ ಟೆಕ್ನಿಷಿಯನ್ ಬೇಕು. ಒಂದು ಚಮಚದಷ್ಟು ಮಲ ನೋಡಿಸಲು ಚಿಂಚೋಳಿಯ ತಾಯಿ ಒಂದು ದಿನದ ಕೂಲಿ ಬಿಟ್ಟು ಕಲಬುರಗಿವರೆಗೆ ಬರಬಾರದು.

ಜೈಭೀಮ್.